ಇಂಗ್ಲಿಷ್ ವಾಕ್ಯ ಉದ್ದವಾದ ಕೂಡಲೇ ತಪ್ಪಾಗುತ್ತಿದೆ, ಅಭ್ಯಾಸ ಹೇಗೆ ಮಾಡಲಿ?

ಪ್ರಶ್ನೆ:
ಚಿಕ್ಕ ವಾಕ್ಯಕ್ಕೆ ತೊಂದರೆ ಇಲ್ಲ. ಎರಡು ವಿಷಯ ಸೇರಿಸಿ ಕಾಂಪ್ಲೆಕ್ಸ್ ಸೆಂಟೆನ್ಸ್ ಮಾಡಲು ಹೋದರೆ ಕೈ ಕೊಡುತ್ತದೆ. ನಿಯಮಗಳನ್ನು ಓದುವಾಗ ಎಲ್ಲಾ ಅರ್ಥವಾಗುತ್ತದೆ, ಬರೆಯುವಾಗ ಬರಲ್ಲ. ನಿನ್ನೆ ಬರೆದಿದ್ದು:

“ಆಲ್ದೋ ಐ ವಾಸ್ ಟೈರ್ಡ್, ಬಟ್ ಐ ಫಿನಿಶ್ಡ್ ದ ವರ್ಕ್.”
“ದ ರಿಪೋರ್ಟ್ಸ್ ವಿಚ್ ಮೈ ಮ್ಯಾನೇಜರ್ ಆಸ್ಕ್ಡ್ ಮಿ ಟು ಚೆಕ್ ದೆಮ್ ಈಸ್ ರೆಡಿ.”

ಎರಡೂ ತಪ್ಪಂತೆ. ಯಾಕೆ ಅಂತ ಯಾರೂ ಹೇಳಲಿಲ್ಲ.

ಉತ್ತರ:
ಮೊದಲನೆಯದು ಸುಲಭ. ಕನ್ನಡದಲ್ಲಿ “ಸುಸ್ತಾಗಿದ್ದರೂ ಕೆಲಸ ಮುಗಿಸಿದೆ” ಅಂತೀವಿ. ಆ ‘ರೂ’ ಒಂದೇ ಸಾಕು. “ಸುಸ್ತಾಗಿದ್ದರೂ ಆದರೆ ಮುಗಿಸಿದೆ” ಅನ್ನಲ್ಲ ಅಲ್ವಾ? ಆಲ್ದೋ ಇದ್ದರೆ ಬಟ್ ಬೇಡ.

ಎರಡನೆಯದರಲ್ಲಿ ಎರಡು ತಪ್ಪಿವೆ. ‘ಚೆಕ್’ ಆದ ಮೇಲೆ ಏನೋ ಖಾಲಿ ಅನ್ನಿಸಿ ‘ದೆಮ್’ ಹಾಕಿದ್ದೀರಿ. ಆ ಜಾಗ ಖಾಲಿಯೇ ಇರಬೇಕು, ಅದರ ಕೆಲಸವನ್ನು ‘ವಿಚ್’ ಆಗಲೇ ಮಾಡಿದೆ. “ಅವನ್ನು ನೋಡಲು ಹೇಳಿದ ವರದಿಗಳು” ಅಂತ ನಾವೂ ಹೇಳಲ್ಲ. ಇನ್ನು ‘ಈಸ್’. ‘ವಿಚ್’ನಿಂದ ‘ದೆಮ್’ವರೆಗೆ ಬೆರಳಿನಿಂದ ಮುಚ್ಚಿ ಓದಿ. “ದ ರಿಪೋರ್ಟ್ಸ್ ಈಸ್ ರೆಡಿ” ಉಳಿಯಿತು. ಈಗ ಕಿವಿಗೆ ಚುಚ್ಚುತ್ತದೆ. ‘ಆರ್’ ಆಗಬೇಕು.

ನಿಜವಾಗಿ ಎಡವುವುದು ಜಾಗದಲ್ಲಿ. ಕನ್ನಡದಲ್ಲಿ ವಿವರ ಮೊದಲು, ವಸ್ತು ಆಮೇಲೆ: “ನೋಡಲು ಹೇಳಿದ ವರದಿಗಳು”. ಇಂಗ್ಲಿಷ್‌ನಲ್ಲಿ ವಸ್ತು ಮೊದಲು, ವಿವರ ಅದರ ಹಿಂದೆ. ಹೀಗಾಗಿ ವಿವರ ಮುಗಿಯುವ ಹೊತ್ತಿಗೆ ಕರ್ತೃ ಯಾರಿದ್ದರು ಅನ್ನುವುದೇ ಮರೆತುಹೋಗುತ್ತದೆ. ನನಗೂ ವರ್ಷಗಟ್ಟಲೆ ಹೀಗೇ ಆಗಿತ್ತು.

ಅಭ್ಯಾಸಕ್ಕೆ ನಿಯಮ ಓದುವುದು ನಿಲ್ಲಿಸಿ. ಎರಡು ಪುಟ್ಟ ವಾಕ್ಯ ಬರೆಯಿರಿ: “ದ ರಿಪೋರ್ಟ್ಸ್ ಆರ್ ರೆಡಿ.” “ಮೈ ಮ್ಯಾನೇಜರ್ ಆಸ್ಕ್ಡ್ ಮಿ ಟು ಚೆಕ್ ದ ರಿಪೋರ್ಟ್ಸ್.” ಎರಡನೆಯದನ್ನು ಮೊದಲನೆಯದರ ‘ರಿಪೋರ್ಟ್ಸ್’ ಪಕ್ಕ ಸೇರಿಸಿ. ದಿನಕ್ಕೆ ಐದು ಜೋಡಿ ಸಾಕು. ಬಾಯಿಬಿಟ್ಟು ಓದಿ, ಸುಮ್ನೆ ಕಣ್ಣಾಡಿಸಬೇಡಿ.

ಪ್ರಶ್ನೆ ಕೇಳಿದವರು:
ಬೆರಳಿನ ಉಪಾಯ ಕೆಲಸ ಮಾಡಿತು! ಆದರೆ ಒಂದು ಸಂಶಯ. “ವಾಕಿಂಗ್ ಹೋಮ್, ದ ರೇನ್ ಸ್ಟಾರ್ಟೆಡ್.” ಸ್ಪೆಲ್ ಚೆಕ್ ಏನೂ ಹೇಳಲಿಲ್ಲ. ಸರಿ ತಾನೇ?

ಉತ್ತರ:
ಇಲ್ಲ. ನಡೆದವರು ಯಾರು? ಈ ವಾಕ್ಯದಲ್ಲಿ ಮಳೆಯೇ ಮನೆಗೆ ನಡೆದುಕೊಂಡು ಹೋಯಿತು. “ಮನೆಗೆ ನಡೆಯುತ್ತಾ ಮಳೆ ಶುರುವಾಯಿತು” ಅಂದು ನೋಡಿ, ಸರಿಹೋಗಲ್ಲ. “ನಡೆಯುತ್ತಿದ್ದಾಗ” ಅಂದರೆ ಸರಿ. ಆ ‘ಆಗ’ ಇಂಗ್ಲಿಷ್‌ಗೂ ಬೇಕು: “ಆ್ಯಸ್ ಐ ವಾಸ್ ವಾಕಿಂಗ್ ಹೋಮ್, ದ ರೇನ್ ಸ್ಟಾರ್ಟೆಡ್.”

ಇನ್ನೊಬ್ಬರ ಉತ್ತರ:
ಒಂದು ಮಾತು ಸೇರಿಸುತ್ತೇನೆ. ಎಲ್ಲಾ ಕಡೆ ಕನ್ನಡದ ಕಿವಿ ನಂಬಬೇಡಿ. “ಹಾರ್ಡ್ಲಿ ಹ್ಯಾಡ್ ಐ ಸ್ಯಾಟ್ ಡೌನ್ ವೆನ್ ದ ಫೋನ್ ರ್‍ಯಾಂಗ್.” ಅಂದರೆ, ನಾನು ಕೂತ ಕೂಡಲೇ ಫೋನ್ ಬಂತು. ಇಲ್ಲಿ ‘ಹ್ಯಾಡ್’ ಕರ್ತೃವಿಗಿಂತ ಮೊದಲೇ ಬರುತ್ತದೆ. ನಮ್ಮಲ್ಲಿ ಇದಕ್ಕೆ ಸಮನಾದದ್ದಿಲ್ಲ. ‘ಹಾರ್ಡ್ಲಿ’ ಜೊತೆ ‘ವೆನ್’, ‘ನೋ ಸೂನರ್’ ಜೊತೆ ‘ದ್ಯಾನ್’. ಇದನ್ನು ಬಾಯಿಪಾಠವೇ ಮಾಡಬೇಕು.

ಪ್ರಶ್ನೆ ಕೇಳಿದವರು:
ಇವತ್ತಿನ ಮೊದಲ ಜೋಡಿ: “ದ ಲೆಟರ್ಸ್ ವಿಚ್ ಮೈ ಸಿಸ್ಟರ್ ರೋಟ್ ಆರ್ ಇನ್ ದ ಬಾಕ್ಸ್.” ಬೆರಳಿಟ್ಟು ನೋಡಿದೆ, “ಲೆಟರ್ಸ್ ಆರ್” ಉಳಿಯಿತು. ಇನ್ನು ನಾಲ್ಕು ಬಾಕಿ, ರಾತ್ರಿ ಹಾಕುತ್ತೇನೆ.