ಮಂಗಳೂರಲ್ಲಿ ಆರ್ಟ್ ಗ್ಯಾಲರಿ ಇಟ್ಟು ಬದುಕಬಹುದಾ?

ಪ್ರಶ್ನೆ, ಕೊಡಿಯಾಲಬೈಲಿನಿಂದ:
ಬೆಂಗಳೂರಿನ ಗ್ಯಾಲರಿಯೊಂದರಲ್ಲಿ ಕೆಲಸ ಮಾಡಿ ಈಗ ಊರಿಗೆ ಬಂದಿದ್ದೇನೆ. ಈಗಿನ ಕಲಾವಿದರ ಚಿತ್ರ ಮಾರುವ ಸಣ್ಣ ಗ್ಯಾಲರಿ ತೆರೆಯುವ ಆಸೆ. ಮನೆಯವರಿಗೆ ಹೆದರಿಕೆ. ಮಾರಿದವರು, ಚಿತ್ರ ಕೊಟ್ಟವರು, ಕೊಂಡವರು ಅನುಭವ ಹೇಳಿ.

ಹಂಪನಕಟ್ಟೆ, ಫ್ರೇಮ್ ಅಂಗಡಿ ಮತ್ತು ಗ್ಯಾಲರಿ:
ಬದುಕಬಹುದು. ಆದರೆ ಚಿತ್ರ ಮಾರಿದ ದುಡ್ಡಲ್ಲೇ ಬಾಡಿಗೆ ಕಟ್ಟುತ್ತೇನೆ ಅಂತ ಹೊರಡಬೇಡಿ ಮಾರಾಯ್ರೆ. ನನ್ನ ತಿಂಗಳ ಖರ್ಚು ಹುಟ್ಟುವುದು ಫ್ರೇಮ್ ಕೆಲಸದಿಂದ. ಅದರಲ್ಲಿ ಸಣ್ಣತನ ಏನೂ ಇಲ್ಲ. ಮುಂಬೈಯ ಕೇಕೂ ಗಾಂಧಿ 1941ರಲ್ಲಿ ಶುರು ಮಾಡಿದ್ದು ಫ್ರೇಮ್ ವ್ಯವಹಾರವನ್ನೇ. ಆ ಅಂಗಡಿಯಲ್ಲಿ ಹೊಸ ಕಲಾವಿದರ ಚಿತ್ರಗಳನ್ನು ತೂಗುಹಾಕುತ್ತಾ ಹಾಕುತ್ತಾ, 1963ರಲ್ಲಿ ಜಹಾಂಗೀರ್ ಆರ್ಟ್ ಗ್ಯಾಲರಿಯ ಮೇಲಂತಸ್ತಿನಲ್ಲಿ ಕೆಮೋಲ್ಡ್ ಗ್ಯಾಲರಿ ಆಯಿತು. ಫ್ರೇಮ್ ಮಾಡಿಸಲು ಬಂದವರ ಹತ್ತಿರ ಮಾತಾಡುವಾಗ ಅವರ ಮನೆ ಹೇಗಿದೆ, ಯಾವ ಬಣ್ಣ ಇಷ್ಟ, ಎಷ್ಟು ಖರ್ಚು ಮಾಡುತ್ತಾರೆ ಎಲ್ಲ ಗೊತ್ತಾಗುತ್ತದೆ. ನನ್ನ ಒಳ್ಳೆಯ ಗಿರಾಕಿಗಳು ಹಾಗೆ ಬಂದವರೇ, ಮತ್ತೆ ಕೆಲವರು ಆರ್ಕಿಟೆಕ್ಟ್‌ಗಳ ಮೂಲಕ.

ಬೆಂಗಳೂರಲ್ಲಿ ಕಲಿಸದ ಒಂದು ವಿಷಯ ಇಲ್ಲಿ ಉಂಟು, ಮಳೆಗಾಲ. ಜೂನ್ ಬಂತೆಂದರೆ ಕಾಗದದ ಮೇಲಿನ ಚಿತ್ರಕ್ಕೆ ಮೊದಲು ಬೂಷ್ಟು ಹಿಡಿಯುತ್ತದೆ, ಆಮೇಲೆ ಕ್ಯಾನ್ವಾಸಿನ ಹಿಂಬದಿಗೆ. ಚಿತ್ರ ಗಾಜಿಗೆ ತಾಗದ ಹಾಗೆ ಮೌಂಟ್, ಅಂದರೆ ಚಿತ್ರದ ಸುತ್ತ ದಪ್ಪ ರಟ್ಟಿನ ಅಂಚು, ಹಾಕಿಸಿ, ಮೌಂಟ್ ಬೋರ್ಡ್ ಆಸಿಡ್ ಇಲ್ಲದ್ದೇ ಇರಲಿ. ಮಳೆ ಹೊಡೆಯುವ ಹೊರಗೋಡೆಗೆ ಏನನ್ನೂ ತೂಗಬೇಡಿ. ಒಳಗೋಡೆಯಲ್ಲೂ ಫ್ರೇಮಿನ ಕೆಳಮೂಲೆಗಳ ಹಿಂದೆ ಕಾರ್ಕ್ ತುಂಡು ಅಂಟಿಸಿ, ಗಾಳಿ ಆಡುತ್ತದೆ. ಹಗಲು ಎಸಿ ಹಾಕಿ ರಾತ್ರಿ ಬಂದ್ ಮಾಡುವುದು ಇನ್ನೂ ಕೆಟ್ಟದ್ದು, ತೇವ ಏರಿಳಿದು ಕ್ಯಾನ್ವಾಸ್ ಒಮ್ಮೆ ಬಿಗಿಯಾಗಿ ಒಮ್ಮೆ ಸಡಿಲವಾಗಿ ಬಣ್ಣ ಬಿರುಕು ಬಿಡುತ್ತದೆ. ತೇವ ಹೀರುವ ಯಂತ್ರ ಡಿಹ್ಯುಮಿಡಿಫೈಯರ್‌ಗೆ ಮೊದಲೇ ದುಡ್ಡು ತೆಗೆದಿಡಿ. ಕೊಂಡು ಹೋಗುವವರಿಗೂ ಇದನ್ನೆಲ್ಲ ಕೂತು ಹೇಳಿ, ಯಾಕೆಂದರೆ ಮೂರು ಮಳೆಗಾಲ ಕಳೆದ ಮೇಲೆ ಚಿತ್ರ ಹಾಳಾದರೆ ಅವರು ಬೈಯುವುದು ಕಲಾವಿದರನ್ನು. ಆಟಿಯಲ್ಲಿ, ಅಂದರೆ ಜೋರು ಮಳೆಯ ತುಳು ತಿಂಗಳಲ್ಲಿ, ಪ್ರದರ್ಶನ ಬೇಡ. ನವೆಂಬರ್‌ನಿಂದ ಫೆಬ್ರವರಿ ಒಳಗೆ ಮಾಡಿ.

ಉಡುಪಿ, ಚಿತ್ರ ಬರೆಯುವವಳು:
ನನ್ನದು ಇನ್ನೊಂದು ಬದಿಯ ಮಾತು. ಗ್ಯಾಲರಿಗಳು ಸಾಮಾನ್ಯವಾಗಿ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಕಮಿಷನ್ ತೆಗೆಯುತ್ತವೆ. ಅರ್ಧ ತೆಗೆದರೂ ನನಗೆ ಬೇಸರ ಇಲ್ಲ, ಆಹ್ವಾನ ಪತ್ರಿಕೆ, ಲೈಟು, ಸಾಗಾಟ, ಕೊಳ್ಳುವವರನ್ನು ಕರೆತರುವುದು ಎಲ್ಲ ಅವರೇ ಮಾಡುವುದಾದರೆ. ಬೇಸರ ಆದದ್ದು ಬೇರೆ ಕಡೆ. ಒಬ್ಬರು ನನ್ನ ಚಿತ್ರ ಮಾರಿ, ಮಾರಿದ ವಿಷಯವನ್ನೇ ತಿಂಗಳುಗಟ್ಟಲೆ ಹೇಳಲಿಲ್ಲ. ಆ ದುಡ್ಡಿನ ಮೇಲೆ ನಾನು ಬಣ್ಣ, ಕ್ಯಾನ್ವಾಸ್ ಸಾಲ ಮಾಡಿದ್ದೆ. ಆದ್ದರಿಂದ ಚಿತ್ರ ಕೈಗೆ ಬಂದ ದಿನವೇ ಒಂದು ಕಾಗದ ಮಾಡಿ: ಚಿತ್ರದ ಹೆಸರು, ಅಳತೆ, ಬೆಲೆ, ನಿಮ್ಮ ಪಾಲು, ಎಷ್ಟು ದಿನದಲ್ಲಿ ಹಣ, ಹಾಳಾದರೆ ಹೊಣೆ ಯಾರದ್ದು. ಕಲಾವಿದರೂ ಗ್ಯಾಲರಿಯಲ್ಲಿ ಒಂದು ಬೆಲೆ, ಮನೆಯಲ್ಲಿ ಅದಕ್ಕಿಂತ ಕಡಿಮೆ ಬೆಲೆ ಹೇಳಬಾರದು. ಅದು ಗೊತ್ತಾದರೆ ಕೊಂಡವರು ಮತ್ತೆ ಬರುವುದಿಲ್ಲ.

ಇನ್ನೊಂದು. ಚಿತ್ರ ಮಾರಿದರೂ ಸಾಮಾನ್ಯವಾಗಿ ಅದರ ಕಾಪಿರೈಟ್ ಕಲಾವಿದರ ಹತ್ತಿರವೇ ಉಳಿಯುತ್ತದೆ, ಸುಮ್ನೆ ಕ್ಯಾಲೆಂಡರಿಗೆ ಹಾಕುವ ಹಾಗಿಲ್ಲ. 1957ರ ಕಾಯ್ದೆಯ 53ಎ ಕಲಮಿನ ಪ್ರಕಾರ ಮೂಲ ಚಿತ್ರ ಮುಂದೆ 10,000 ರೂಪಾಯಿಗಿಂತ ಜಾಸ್ತಿಗೆ ಮರುಮಾರಾಟವಾದರೆ ಅದರಲ್ಲೂ ಕಲಾವಿದರಿಗೆ ಪಾಲಿದೆ. ಇದನ್ನು ನೀವೇ ಮೊದಲು ಹೇಳಿದರೆ ಎಷ್ಟು ಖುಷಿ ಆಗುತ್ತದೆ ಗೊತ್ತಾ?

ಮಣಿಪಾಲ, ಚಿತ್ರ ಕೊಳ್ಳುವವ:
ಬಿಲ್ ಕೊಡಿ, ಬಿಲ್ ಇಲ್ಲದೆ ನಾನು ಕೊಳ್ಳುವುದಿಲ್ಲ. ಚಿತ್ರಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ 5ಕ್ಕೆ ಇಳಿದಿದೆ.

ಹೆಸರಾಂತ ಚಿತ್ರಕಾರ ಕೆ.ಕೆ. ಹೆಬ್ಬಾರರು ಹುಟ್ಟಿದ್ದು 1911ರಲ್ಲಿ, ಇಲ್ಲೇ ಹತ್ತಿರದ ಕಟ್ಟಿಂಗೇರಿಯಲ್ಲಿ. ಹಾಗಾಗಿ ನಿಮ್ಮ ಬಾಗಿಲಿಗೂ ಯಾರಾದರೂ 'ಹೆಬ್ಬಾರರ ರೇಖಾಚಿತ್ರ' ಹಿಡಿದು ಬರಬಹುದು, ಅದು ನಕಲಿಯೂ ಇರಬಹುದು. ಯಾರ ಮನೆಯಿಂದ ಬಂತು, ಹಳೆಯ ಬಿಲ್ ಅಥವಾ ಕ್ಯಾಟಲಾಗ್ ಇದೆಯಾ ಅಂತ ಕೇಳಿ, ಹೇಳಿದ್ದಕ್ಕೂ ದಾಖಲೆಗೂ ಹೊಂದಿಕೆ ಆಗದಿದ್ದರೆ ವಾಪಸ್ ಕಳಿಸಿ. ಯಾರದ್ದೇ ಚಿತ್ರ ನೂರು ವರ್ಷ ದಾಟಿದ್ದಾದರೆ ಪುರಾತನ ವಸ್ತುಗಳ 1972ರ ಕಾಯ್ದೆಯಂತೆ ಅದರ ವ್ಯಾಪಾರಕ್ಕೆ ಲೈಸೆನ್ಸ್ ಬೇಕು. ಈಗಿನ ಕಲಾವಿದರ ಚಿತ್ರ ಮಾತ್ರ ಇಟ್ಟರೆ ಆ ತಲೆಬಿಸಿ ಇಲ್ಲ. ನಾನು ಕೊಂಡ ಚಿತ್ರಗಳ ಜೊತೆ ಬಂದ, ಚಿತ್ರ ಅಸಲಿ ಎನ್ನುವ ದೃಢೀಕರಣ ಪತ್ರದ ನಮೂನೆ ಇದೆ, ಬೇಕಾದರೆ ತೋರಿಸುತ್ತೇನೆ.