ಅಪ್‌ಡೇಟ್: ಆನ್ ಆದ ಕೂಡಲೇ ಆಫ್ ಆಗುತ್ತಿದ್ದ ಕಂಪ್ಯೂಟರ್ ಸರಿಹೋಯಿತು

ಪವರ್ ಬಟನ್ ಒತ್ತಿದರೆ ಫ್ಯಾನ್ ಸ್ವಲ್ಪ ತಿರುಗಿ ಎಲ್ಲಾ ನಿಂತುಹೋಗುತ್ತದೆ ಅಂತ ಕೇಳಿದ್ದೆ ಅಲ್ವಾ? ಬೇರೆ ಪವರ್ ಸಪ್ಲೈ ಹಾಕಿದರೂ ಅದೇ ಕಥೆ. ನಿಮ್ಮಲ್ಲೊಬ್ಬರು ಹೇಳಿದಂತೆ ಟಾರ್ಚ್ ಹಿಡಿದು ಮದರ್‌ಬೋರ್ಡ್ ನೋಡಿದೆ. ಪ್ರೊಸೆಸರ್ ಪಕ್ಕದ ಕೆಪಾಸಿಟರ್‌ಗಳ (ವಿದ್ಯುತ್ ಹಿಡಿದಿಟ್ಟು ಕೊಡುವ ಸಣ್ಣ ಡಬ್ಬಿಯಂಥ ಭಾಗಗಳು) ತಲೆ ಉಬ್ಬಿತ್ತು. ಒಂದಂತೂ ಮೇಲೆ ಬಿರಿದು, ಕಂದು ಬಣ್ಣದ ಅಂಟು ಒಣಗಿ ಕೂತಿತ್ತು. ಪ್ರೊಸೆಸರ್‌ಗೆ ಹೋಗುವ ವೋಲ್ಟೇಜ್ ಏರಿಳಿಯದಂತೆ ನೋಡಿಕೊಳ್ಳುವುದು ಇವೇ. ಒಳಗಿನ ದ್ರವ ಆರಿದರೆ ಆ ಕೆಲಸ ಆಗುವುದಿಲ್ಲ, ಅದಕ್ಕೇ ಕಂಪ್ಯೂಟರ್ ಆಫ್ ಆಗುತ್ತಿತ್ತು.

ಹಳೆಯದರಷ್ಟೇ ಮೈಕ್ರೋಫ್ಯಾರಡ್ (ವಿದ್ಯುತ್ ಹಿಡಿದಿಡುವ ಸಾಮರ್ಥ್ಯದ ಅಳತೆ), ಅಷ್ಟೇ ವೋಲ್ಟ್, 105 ಡಿಗ್ರಿ ಬಿಸಿ ತಡೆಯುವ ಲೋ ಇಎಸ್‌ಆರ್ (ಒಳಗಿನ ರೋಧ ಕಡಿಮೆ ಇರುವ) ಕೆಪಾಸಿಟರ್ ಹಾಕಿದೆ. ಪಟ್ಟಿ ಇರುವ ಕಡೆ ನೆಗೆಟಿವ್, ಅದು ಅದಲುಬದಲು ಆಗಲೇಬಾರದು. ಹಳೆಯದನ್ನು ಕೀಳುವುದೇ ಜಾಸ್ತಿ ಕಷ್ಟ. ಗ್ರೌಂಡ್‌ಗೆ (ನೆಗೆಟಿವ್ ಕಡೆಗೆ) ಸೇರಿದ ಕಾಲಿನ ಬಿಸಿಯನ್ನೆಲ್ಲ ಬೋರ್ಡೇ ಎಳೆದುಕೊಳ್ಳುತ್ತದೆ. ಹೊಸ ಸೋಲ್ಡರ್ (ಬೆಸುಗೆಯ ಲೋಹ) ಸ್ವಲ್ಪ ಸೇರಿಸಿದ ಮೇಲೆ ಹಳೆಯ ಬೆಸುಗೆ ಕರಗಿತು.

ಈಗ ಸಲೀಸಾಗಿ ಬೂಟ್ ಆಗುತ್ತಿದೆ. ಹಾರ್ಡ್ ಡಿಸ್ಕ್‌ನ ಫೋಟೋಗಳೂ ಹಾಗೇ ಇವೆ. ಎಲ್ಲರಿಗೂ ತುಂಬಾ ಥ್ಯಾಂಕ್ಸ್.