ಪದಚರ್ಚೆ: ಹಲ್ಲಿನ ಅಂಟಿಗೆ ಎದುರಾಗುವ ‘ಕಂಟ್ಯಾಮಿನೇಷನ್’ಗೆ ಕನ್ನಡದಲ್ಲಿ ಏನೆನ್ನಬೇಕು?

ಮಾನ್ಯರೇ,

ಹಲ್ಲಿನ ಕುಳಿಗೆ ಕಾಂಪೊಸಿಟ್ (ಹಲ್ಲಿನ ಬಣ್ಣದ ರಾಳದ ತುಂಬುವಸ್ತು) ತುಂಬುವ ವಿಧಾನವನ್ನು ಕುರಿತ ಪಾಠವೊಂದನ್ನು ಕನ್ನಡದಲ್ಲಿ ಬರೆಯುತ್ತಾ ‘ಕಂಟ್ಯಾಮಿನೇಷನ್’ ಎಂಬ ಮಾತಿಗೆ ಬಂದು ನಿಂತಿದ್ದೇನೆ. ‘ಮಾಲಿನ್ಯ’ ಎಂದರೆ ಹೊಗೆ, ಚರಂಡಿಗಳು ನೆನಪಾಗುತ್ತವೆ, ‘ಕಲಬೆರಕೆ’ಯಲ್ಲಿ ಮೋಸದ ಸುಳಿವಿದೆ, ‘ಸೋಂಕು’ ಎಂದರಂತೂ ಅರ್ಥವೇ ಕೆಡುತ್ತದೆ, ಏಕೆಂದರೆ ಇಲ್ಲಿ ಹೇಳಬೇಕಾದದ್ದು ರೋಗಾಣುವಿನ ವಿಷಯವನ್ನಲ್ಲ, ಅಂಟು ಹಿಡಿಯದೆ ಹೋಗುವುದನ್ನು.

ಸಂದರ್ಭ ಹೀಗಿದೆ. ಶೇಕಡಾ 37ರಷ್ಟು ಸಾಂದ್ರತೆಯ ಫಾಸ್ಫಾರಿಕ್ ಆಮ್ಲವನ್ನು ಹಚ್ಚಿ, ತೊಳೆದು, ಗಾಳಿಯೂದಿ ಒಣಗಿಸಿದಾಗ ಹೊಳೆಯುತ್ತಿದ್ದ ಎನಾಮೆಲ್ (ಹಲ್ಲಿನ ಗಟ್ಟಿ ಹೊರಪದರ) ಸೀಮೆಸುಣ್ಣದಂತೆ ಬಿಳಚಿಕೊಳ್ಳುತ್ತದೆ. ಬರಿಗಣ್ಣಿಗೆ ಕಾಣದ ರಂಧ್ರಗಳು ತೆರೆದುಕೊಂಡಿವೆ ಎಂಬುದಕ್ಕೆ ಆ ಬಿಳುಪೇ ಗುರುತು. ಕಾಂಪೊಸಿಟನ್ನು ಹಲ್ಲಿಗೆ ಹಿಡಿಸುವ ತೆಳುವಾದ ಅಂಟು ಆ ರಂಧ್ರಗಳೊಳಗೆ ಇಳಿದು, ದೀಪದ ಬೆಳಕಿಗೆ ಗಟ್ಟಿಯಾಗಿ, ಅಲ್ಲೇ ಕಚ್ಚಿಕೊಳ್ಳುತ್ತದೆ. (‘ಬಾಂಡಿಂಗ್’ಗೆ ‘ಬಂಧ’ ಎನ್ನುವುದಕ್ಕಿಂತ ಈ ‘ಕಚ್ಚಿಕೊಳ್ಳು’ ಎಂಬುದೇ ನನಗೆ ಒಪ್ಪಿಗೆ, ಹಲ್ಲಿನ ವಿಷಯದಲ್ಲಿ ತುಸು ನಗು ತರಿಸೀತು, ಅಷ್ಟೆ.) ಅಂಟು ಹಚ್ಚುವ ಮೊದಲೇ ಜೊಲ್ಲು ತಾಗಿದರೆ, ಅದರಲ್ಲಿರುವ ಗ್ಲೈಕೊಪ್ರೋಟೀನುಗಳು ತೆಳುಪೊರೆಯಾಗಿ ರಂಧ್ರಗಳ ಬಾಯಿ ಮುಚ್ಚುತ್ತವೆ, ಬರಿಯ ನೀರಿನಲ್ಲಿ ತೊಳೆದರೆ ಆ ಪೊರೆ ಪೂರ್ತಿಯಾಗಿ ಹೋಗುವುದಿಲ್ಲವಾದ್ದರಿಂದ ಮತ್ತೊಮ್ಮೆ ಆಮ್ಲ ಹಚ್ಚಬೇಕಾಗುತ್ತದೆ.

ಇಷ್ಟಕ್ಕೇ ಆಗಿದ್ದರೆ ‘ಎಂಜಲಾಗು’ ಎಂಬ ಕ್ರಿಯಾಪದ ಹೇಳಿ ಮಾಡಿಸಿದಂತಿದೆ. ನೋಡಲು ಶುಚಿಯಾಗಿಯೇ ಇದ್ದರೂ ತಾಗಿದ್ದರಿಂದಲೇ ಬಳಕೆಗೆ ಒದಗದಂತಾಯಿತು ಎಂಬ ಭಾವ ಬೇರಾವ ಪದದಲ್ಲೂ ಇಷ್ಟು ಅಚ್ಚುಕಟ್ಟಾಗಿ ಬರುವುದಿಲ್ಲ. ಆದರೆ ವಸಡಿನ ಅಂಚಿನಲ್ಲಿ ಜಿನುಗುವ ರಕ್ತವೂ ಇದೇ ಕೆಡುಕನ್ನು ಮಾಡುತ್ತದೆ, ಮತ್ತು ರಕ್ತ ತಾಗಿದ್ದನ್ನು ಎಂಜಲೆನ್ನಲಾಗದು.

ತೊಡಕು ಅಲ್ಲಿಗೂ ಮುಗಿಯುವುದಿಲ್ಲ. ರಕ್ತ ನಿಲ್ಲಿಸಲು ಹಚ್ಚುವ ಅಲ್ಯೂಮಿನಿಯಂ ಕ್ಲೋರೈಡ್ ಅಥವಾ ಫೆರಿಕ್ ಸಲ್ಫೇಟ್ ಕೂಡ ಹಲ್ಲಿನ ಮೇಲೆ ಉಳಿದುಕೊಂಡು ಅಂಟಿಗೆ ಅಡ್ಡಿಯಾಗಬಲ್ಲದು. ಬೇರೆಯಾಗಿ ಆಮ್ಲ ಹಚ್ಚದೆ ನೇರವಾಗಿ ಬಳಸುವ ಸೆಲ್ಫ್-ಎಚ್ ಅಂಟುಗಳಲ್ಲಿ ಈ ತೊಂದರೆ ಹೆಚ್ಚು, ಏಕೆಂದರೆ ಆ ಉಳಿಕೆಯನ್ನು ಕಿತ್ತು ತೊಳೆದುಹಾಕುವ ಫಾಸ್ಫಾರಿಕ್ ಆಮ್ಲದ ಹಂತ ಅಲ್ಲಿರುವುದಿಲ್ಲ. ರಕ್ತ ನಿಲ್ಲಿಸುವ ಈ ಮದ್ದುಗಳನ್ನು ‘ಹೆಪ್ಪುಗಟ್ಟಿಸುವ ಔಷಧ’ ಎಂದು ಬರೆದು ಹೊಡೆದುಹಾಕಿದೆ. ಇವು ಪ್ರೋಟೀನನ್ನು ಗರಣೆಗಟ್ಟಿಸಿ ಲೋಮನಾಳಗಳ (ಅತಿ ಸಣ್ಣ ರಕ್ತನಾಳಗಳ) ಬಾಯಿ ಮುಚ್ಚುವ ಒಗರು ಲವಣಗಳೇ ಹೊರತು ರಕ್ತದ ಸಹಜ ಹೆಪ್ಪುಗಟ್ಟುವಿಕೆಯನ್ನು ಅವಲಂಬಿಸಿದವಲ್ಲ. ಸದ್ಯಕ್ಕೆ ‘ರಕ್ತಸ್ತಂಭಕ’ ಎಂದಿಟ್ಟಿದ್ದೇನೆ, ಆದರೆ ರಕ್ತನಾಳವನ್ನೇ ಕುಗ್ಗಿಸುವ ಎಪಿನೆಫ್ರಿನ್ ಸಹ ಅದೇ ಹೆಸರಿನಡಿ ಬರುತ್ತದೆ. ಹಾಗಾಗಿ ಲವಣಗಳನ್ನು ‘ಒಗರುಮದ್ದು’ ಎಂದು ಬೇರ್ಪಡಿಸಬಹುದೇ?

ಜೊಲ್ಲು, ರಕ್ತ, ಮದ್ದಿನ ಉಳಿಕೆ, ಈ ಮೂರಕ್ಕೂ ಒಪ್ಪುವ ಒಂದೇ ಪದ ತಿಳಿದವರು ದಯವಿಟ್ಟು ತಿಳಿಸಿ. ಸಿಗದಿದ್ದರೆ ‘ಮೇಲ್ಮೈ ಕೆಡುವುದು’ ಎಂದೇ ಬರೆದು, ಜೊಲ್ಲಿನ ಭಾಗದಲ್ಲಿ ಮಾತ್ರ ‘ಎಂಜಲಾಗು’ ಎಂಬುದನ್ನು ಉಳಿಸಿಕೊಳ್ಳುತ್ತೇನೆ.